ಸಾರ್ವಜನಿಕ ಸಂಸ್ಥೆಗಳೂ ಜನರ ಮಾತೂ



ಲಾಭದ ಅಪೇಕ್ಷೆಯಿಲ್ಲದೆ ಲೋಕಹಿತಾರ್ಥವಾಗಿ ಹುಟ್ಟಿದ ಸಂಸ್ಥೆಗಳು ಈ ನಾಡಿನಲ್ಲಿ ಬಹಳವಾಗಿವೆ. ಪ್ರಸಾದ ನಿಲಯಗಳು, ಪಾಠಶಾಲೆಗಳು, ದವಾಖಾನೆಗಳು, ಗ್ರಂಥಾಲಯಗಳು, ಸಹಕಾರಿ ಸಂಘಗಳು, ಮಹಿಳಾ ಮಂಡಳಗಳು ಹೀಗೆ ಎಣಿಸುತ್ತ ಹೋದರೆ ಒಂದೊಂದು ಊರಿನಲ್ಲಿಯೂ ಒಂದಾದರೂ ಸಿಕ್ಕೀತು. ಇವುಗಳೊಳಗೆ ಕೆಲವು ನೂರು ವರ್ಷ ಬಾಳಿಯೂ ಹಸುರಾಗಿವೆ. ಕೆಲವು ಸ್ಥಾಪಕರು ಇದ್ದಷ್ಟು ದಿನ ಮೆರೆದು, ಅವರು ಲಿಂಗೈಕ್ಯರಾದ ಬಳಿಕ ಹೆಸರಿನ ಹಲಗೆಯೊಂದನ್ನು ಮಾತ್ರ ಉಳಿಸಿಕೊಂಡಿವೆ. ಈ ಭೇದಕ್ಕೆ ಕಾರಣವೇನು? ಹಣದ ಕೊರತೆಯೆಂದು ಸಾಮಾನ್ಯವಾಗಿ ಹೇಳುವರು. ಆದರೆ ಕೈತುಂಬ ಹಣವಿದ್ದೂ ಬತ್ತಿಹೋದ ಸಂಸ್ಥೆಗಳುಂಟು. ಕಾಸಿಲ್ಲದೆ ಬೆಳೆದವೂ ಉಂಟು. ಆದಕಾರಣ ಆ ಉತ್ತರವು ಸಾಲದು.

ಸಂಘಗಳ ವಾರ್ಷಿಕ ಸಭೆಯ ಚಿತ್ರವು ಎಲ್ಲರಿಗೂ ಪರಿಚಿತವಾದುದೇ. ಕಾರ್ಯದರ್ಶಿಗಳು ವರದಿಯನ್ನೋದುವರು. ಜಮಾ-ಖರ್ಚಿನ ಪಟ್ಟಿಯನ್ನು ‘ಓದಿದಂತೆ ಭಾವಿಸತಕ್ಕದ್ದು’ ಎಂದು ಮುಂದೆ ಸರಿಸುವರು. ಅಧ್ಯಕ್ಷರು, ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದು ಕೇಳಿ, ಕೇಳುವವನು ಎದ್ದು ನಿಲ್ಲುವಷ್ಟು ಹೊತ್ತು ಸಹ ತಾಳದೆ, ವಂದನಾರ್ಪಣೆಗೆ ಅಪ್ಪಣೆ ಕೊಡುವರು. ಠರಾವುಗಳು ಸರ್ವಾನುಮತದಿಂದ ಪಾಸಾಗುವುವು. ಜನರು ಪ್ರಸಾದ ಸ್ವೀಕರಿಸಿ ಮನೆಗೆ ಹೋಗುವರು. ಮರುವರ್ಷ ಬರುವವರ ಸಂಖ್ಯೆ ಇಳಿದಾಗ, ಜನರಲ್ಲಿ ಸೇವಾಬುದ್ಧಿ ಕಡಿಮೆಯಾಗಿದೆಯೆಂದು ವ್ಯವಸ್ಥಾಪಕ ಮಂಡಳಿಯವರು ನಿಟ್ಟುಸಿರು ಬಿಡುವರು. ಈ ನಿಟ್ಟುಸಿರಿಗೆ ಆಧಾರವಿಲ್ಲ. ಜನರು ಬಂದರು, ಕುಳಿತರು, ವರ್ಗಣಿಯನ್ನೂ ಕೊಟ್ಟರು. ಆದರೆ ಅವರ ಬಾಯಿಂದ ಬಂದ ಒಂದು ಮಾತಿನಿಂದಲೂ ಆ ಸಂಸ್ಥೆಯ ಒಂದು ಕಡ್ಡಿಯೂ ಅತ್ತಿತ್ತ ಸರಿಯಲಿಲ್ಲ. ತನ್ನ ಮಾತಿಗೆ ಉತ್ತರವಿಲ್ಲದ ಮನೆಗೆ ಮನುಷ್ಯನು ಎಷ್ಟು ಸಲ ಹೋದಾನು?

ಜನರ ಸಹಭಾಗಿತ್ವವೆಂಬ ಪದವನ್ನು ಇತ್ತೀಚೆಗೆ ಎಲ್ಲರೂ ಬಳಸುವರಾದರೂ ಅದರೊಳಗೆ ಮೆಟ್ಟಿಲುಗಳಿವೆಯೆಂಬುದನ್ನು ಬಹುಜನರು ಲಕ್ಷಿಸುವುದಿಲ್ಲ. ಬರುವುದು ಒಂದು, ಕೊಡುವುದು ಒಂದು, ಕೇಳುವುದು ಇನ್ನೊಂದು, ಕೂಡಿ ನಿರ್ಣಯಿಸುವುದು ಮತ್ತೊಂದು. ಕೊಡುವ ಮೆಟ್ಟಿಲನ್ನು ಈ ನಾಡಿನ ಮಠಗಳು ಬಹು ಕಾಲದಿಂದ ಬಲ್ಲವು. ಮುಷ್ಟಿಧಾನ್ಯದ ಪದ್ಧತಿಯನ್ನೇ ನೋಡಬಹುದು. ಒಬ್ಬ ಧನಿಕನಿಂದ ನೂರು ಚೀಲ ತರುವುದಕ್ಕಿಂತ ಸಾವಿರ ಮನೆಗಳಿಂದ ಒಂದೊಂದು ಹಿಡಿ ತರುವುದು ಹೆಚ್ಚು ಶ್ರಮದ ಕೆಲಸ. ಆದರೂ ಹಿರಿಯರು ಆ ಶ್ರಮವನ್ನೇ ಆರಿಸಿಕೊಂಡರು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು (1907-2019) ವಿದ್ಯಾರ್ಥಿಗಳ ಅನ್ನಕ್ಕಾಗಿ ಹಳ್ಳಿಹಳ್ಳಿಗೆ ಭಿಕ್ಷೆಗೆ ಹೋದುದು ಸರ್ವವಿದಿತವಾಗಿದೆ. ಹಿಡಿ ರಾಗಿಯನ್ನು ಕೊಟ್ಟ ತಾಯಿಯು ಆ ನಿಲಯದ ಮಕ್ಕಳನ್ನು ತನ್ನ ಮಕ್ಕಳೆಂದು ತಿಳಿದಳು. ಕೊಡುವುದರಿಂದ ಮಮತೆ ಹುಟ್ಟುವುದು ನಿಜ. ಆದರೆ ಕೊಟ್ಟವಳಿಗೆ ಕೇಳುವ ಹಕ್ಕೂ ಉಂಟೆಂಬ ಎರಡನೆಯ ಮಾತನ್ನು ಎಷ್ಟು ಸಂಸ್ಥೆಗಳು ಒಪ್ಪಿವೆ?

ಇಲ್ಲಿ ಕೆಲವರು ಒಂದು ಆಕ್ಷೇಪಣೆಯನ್ನು ತರುವರು. ಭಕ್ತಿಯಿರುವಲ್ಲಿ ಪ್ರಶ್ನೆಗೆ ಎಡೆಯಿಲ್ಲ, ಪ್ರಶ್ನೆ ಬಂದರೆ ಗೌರವಕ್ಕೆ ಕುಂದು ಎಂಬುದು ಅವರ ಭಾವನೆ. ಇದಕ್ಕೆ ಉತ್ತರವನ್ನು ದೂರದಿಂದ ತರಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರ ಗೋಷ್ಠಿಗಳನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಶೂನ್ಯಸಂಪಾದನೆಯೆಂಬ ಹೆಸರಿನಿಂದ ಹೊಂದಿಸಿದಾಗ, ಉಪದೇಶದ ರೂಪವನ್ನು ಬಿಟ್ಟು ಸಂವಾದದ ರೂಪವನ್ನೇ ಅದಕ್ಕೆ ಕೊಟ್ಟನು. ಅಲ್ಲಿ ಪ್ರಭುದೇವರು ಪ್ರಶ್ನಿಸುವರು, ಪ್ರಭುದೇವರನ್ನೂ ಪ್ರಶ್ನಿಸುವರು. ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇದೇಕೆ ಹೆಚ್ಚೆಂದು ಕೇಳಿದವಳು ಅವನ ಸತಿ ಲಕ್ಕಮ್ಮ. ಹೆಚ್ಚಾದುದನ್ನು ಮರಳಿ ಸುರಿಸಿದವಳೂ ಅವಳೇ. ಲೆಕ್ಕ ಕೇಳಿದುದರಿಂದ ಆ ಮನೆಯ ಭಕ್ತಿಗೆ ಕುಂದು ಬಂದಿತೆಂದು ಯಾರೂ ಹೇಳಿಲ್ಲ. ಈ ಕಥೆಯನ್ನು ಪುರಾಣದ ಕಟ್ಟೆಯ ಮೇಲೆ ಕೇಳಿ ತಲೆದೂಗುವವರು ಸಂಘದ ಸಭೆಯಲ್ಲಿ ಅದನ್ನು ಮರೆಯುವುದೊಂದು ವಿಚಿತ್ರ.

ಈಗ ಸಮೀಪದ ಕಾಲಕ್ಕೆ ಬರೋಣ. ಹಿಂದುಸ್ಥಾನದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಹುಟ್ಟಿದ್ದು 1904ರಲ್ಲಿ. ಮರುವರ್ಷ, ಅಂದರೆ 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳವೆಂಬ ಹಳ್ಳಿಯಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಂಘವು ಸ್ಥಾಪಿತವಾಯಿತು. ದೇಶದ ಸಹಕಾರದ ಇತಿಹಾಸದಲ್ಲಿ ಆ ಹಳ್ಳಿಗೆ ಮೊದಲ ಮಣೆ. ಒಬ್ಬರನ್ನೊಬ್ಬರು ಬಲ್ಲ ಒಕ್ಕಲಿಗರು ಒಂದು ಕಟ್ಟೆಯ ಮೇಲೆ ಕುಳಿತು ಸಾಲದ ಮಾತನಾಡುವುದು ಅಂಥ ಸಂಘಗಳ ಮೂಲ ಬಂಡವಾಳ. ಮುಂದೆ ಸಂಘಗಳು ಬೆಳೆದುವು, ಊರುಗಳನ್ನು ದಾಟಿದುವು, ಸದಸ್ಯರ ಪಟ್ಟಿ ಉದ್ದವಾಯಿತು. ಅನೇಕ ಕಡೆಗೆ ಕಟ್ಟೆಯ ಮಾತು ನಿಂತುಹೋಗಿ ಅರ್ಜಿಯ ನಮೂನೆ ಮಾತ್ರ ಉಳಿಯಿತು. ಸಂಘವು ಯಾರದೆಂದು ಕೇಳಿದರೆ ಸರಕಾರದ್ದೆಂದೋ, ಚೇರಮನ್ನರದೆಂದೋ ಸದಸ್ಯನೇ ಹೇಳುವಂತಾಯಿತು.

ಈ ರೋಗವು ಹೇಗೆ ಬರುವುದು, ಹೇಗೆ ಹೋಗುವುದು ಎಂಬೆರಡಕ್ಕೂ ಕರ್ನಾಟಕದಲ್ಲಿಯೇ ಒಂದು ಒಳ್ಳೆಯ ದೃಷ್ಟಾಂತವಿರುವುದರಿಂದ ಅದನ್ನು ತುಸು ವಿಸ್ತಾರವಾಗಿ ಹೇಳುವುದು ಉಚಿತ. ಮೈರಾಡ ಎಂಬ ಸೇವಾಸಂಸ್ಥೆಯು 1968ರಲ್ಲಿ, ಮೈಸೂರು ರಾಜ್ಯಕ್ಕೆ ನಿರಾಶ್ರಿತರಾಗಿ ಬಂದ ತಿಬೇಟದ ಜನರನ್ನು ನೆಲೆಗೊಳಿಸುವ ಕೆಲಸಕ್ಕಾಗಿ ಹುಟ್ಟಿತು. ಆ ಕಾರ್ಯವು ಮುಗಿಯುತ್ತ ಬಂದಾಗ ಅದು ಹಳ್ಳಿಗಳ ಬಡವರ ಕಡೆಗೆ ತಿರುಗಿ, ಅವರಿಗಾಗಿ ದೊಡ್ಡ ದೊಡ್ಡ ಸಹಕಾರಿ ಸಂಘಗಳನ್ನು ಏರ್ಪಡಿಸಿ ಸಾಲ ಕೊಡಿಸುವ ಏರ್ಪಾಡು ಮಾಡಿತು. ಉದ್ದೇಶವು ಒಳ್ಳೆಯದೇ. ಆದರೆ 1984-85ರ ಸುಮಾರಿಗೆ ಅವುಗಳಲ್ಲಿ ಹಲವು ಮುರಿದುಬಿದ್ದುವು. ಮುಂದಾಳುಗಳ ಮೇಲೆ ಸದಸ್ಯರಿಗೆ ನಂಬಿಕೆಯುಳಿಯಲಿಲ್ಲ. ದೊಡ್ಡ ಸಭೆಯಲ್ಲಿ ಸಣ್ಣವರ ಮಾತು ಕೇಳಿಸಲಿಲ್ಲ. ಅಲ್ಲಿಗೆ ಕಥೆಯು ಮುಗಿಯಬೇಕಾಗಿತ್ತು. ಆದರೆ ಸದಸ್ಯರೊಳಗೆ ಕೆಲವರು ಸಣ್ಣ ಸಣ್ಣ ಗುಂಪಾಗಿ ಮೈರಾಡದವರ ಬಳಿಗೆ ಬಂದು, ತಾವು ಪಡೆದ ಸಾಲವನ್ನು ಹಿಂದಿರುಗಿಸಲು ಸಿದ್ಧರೆಂದೂ, ಸಹಕಾರಿ ಸಂಘಕ್ಕೆ ಮಾತ್ರ ಕೊಡುವುದಿಲ್ಲ, ಮೈರಾಡಕ್ಕೆ ಕೊಡುವೆವೆಂದೂ ತಿಳಿಸಿದರು.

ಮನೆಬಾಗಿಲಿಗೆ ಬಂದ ಹಣವನ್ನು ಬೇಡವೆನ್ನುವ ಸಂಸ್ಥೆ ಅಪರೂಪ. ಮೈರಾಡದವರು ಹಾಗೆಯೇ ಮಾಡಿದರು. ಸಾಲವನ್ನು ತಮಗೆ ಕೊಡಬೇಡಿರಿ, ನಿಮ್ಮ ಗುಂಪಿಗೇ ತಿರುಗಿ ಕೊಟ್ಟು, ಆ ಹಣವನ್ನು ನಿಮ್ಮ ನಿಧಿಯನ್ನಾಗಿ ಮಾಡಿಕೊಂಡು, ಅದರಿಂದ ಯಾರಿಗೆ ಎಷ್ಟು ಸಾಲ ಕೊಡಬೇಕೆಂಬುದನ್ನು ನೀವೇ ಕುಳಿತು ನಿಶ್ಚಯಿಸಿರಿ ಎಂದು ಸಲಹೆಯಿತ್ತರು. ಈ ಒಂದು ಸಲಹೆಯಲ್ಲಿ ಎಷ್ಟು ಅರ್ಥವಡಗಿದೆಯೆಂಬುದನ್ನು ಸಾವಧಾನವಾಗಿ ನೋಡಬೇಕು. ಅದುವರೆಗೆ ಅವರು ಕೇಳುವ ಕೈಗಳಾಗಿದ್ದರು. ಈಗ ಹೌದು-ಅಲ್ಲಗಳನ್ನು ಹೇಳಬೇಕಾದ ಬಾಯಿಗಳಾದರು. ನೆರೆಯ ಮನೆಯ ಹೆಣ್ಣುಮಗಳು ಎಮ್ಮೆಯನ್ನು ಕೊಳ್ಳಲು ಸಾಲ ಕೇಳಿದರೆ, ಆ ಎಮ್ಮೆಗೆ ಮೇವು ಎಲ್ಲಿಂದ ಬಂದೀತೆಂಬ ಪ್ರಶ್ನೆಯನ್ನು ಬ್ಯಾಂಕಿನ ಗುಮಾಸ್ತನು ಕೇಳಲಾರನು. ಅವಳ ಹೊಲವನ್ನೂ ಬಣವೆಯನ್ನೂ ದಿನಾಲು ನೋಡುವವರು ಕೇಳಬಲ್ಲರು. ಮಾತಿನ ಹಿಂದೆ ಹಣವೂ ಹೊಣೆಯೂ ಬಂದು ನಿಂತುದರಿಂದ ಮಾತಿಗೆ ತೂಕ ಬಂದಿತು.

ಇಂಥ ಗುಂಪುಗಳು 1986-87ರ ಹೊತ್ತಿಗೆ ಮೈರಾಡದ ಕಾರ್ಯಕ್ಷೇತ್ರದಲ್ಲಿ ಸುಮಾರು 300 ಆಗಿದ್ದುವು. ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕು 1987ರಲ್ಲಿ ಈ ಪ್ರಯೋಗಕ್ಕೆ ಧನಸಹಾಯ ಮಾಡಿ, 1992ರಲ್ಲಿ ಬ್ಯಾಂಕುಗಳು ಇಂಥ ಗುಂಪುಗಳಿಗೆ ನೇರವಾಗಿ ಸಾಲ ಕೊಡುವ ಯೋಜನೆಯನ್ನು 500 ಗುಂಪುಗಳ ಗುರಿಯಿಂದ ದೇಶದಲ್ಲಿ ಆರಂಭಿಸಿತು. ಈಗ ಸ್ವಸಹಾಯ ಸಂಘವೆಂಬ ಹೆಸರನ್ನು ಕೇಳದ ಹಳ್ಳಿಯಿಲ್ಲ. ಆದರೆ ಹೆಸರು ಹರಡಿದಷ್ಟು ಅದರ ಒಳಗಿನ ಶಿಸ್ತು ಹರಡಿಲ್ಲವೆಂಬುದನ್ನು ಹೇಳಲೇಬೇಕು. ಮೊದಲ ಗುಂಪುಗಳಲ್ಲಿ ಸದಸ್ಯರು ಹದಿನೈದರಿಂದ ಇಪ್ಪತ್ತು. ಅದಕ್ಕಿಂತ ಹೆಚ್ಚಾದರೆ ಎಲ್ಲರಿಗೂ ಮಾತನಾಡಲು ಹೊತ್ತು ಸಾಲದು. ವಾರಕ್ಕೊಮ್ಮೆ ಸಭೆ. ತಡವಾಗಿ ಬಂದವರಿಗೆ ದಂಡ. ನಡವಳಿಯ ಪುಸ್ತಕವನ್ನೂ ಲೆಕ್ಕದ ಪುಸ್ತಕವನ್ನೂ ಸಭೆಯಲ್ಲಿಯೇ ಬರೆಯುವುದು. ಬರೆಯಬಲ್ಲವರು ಗುಂಪಿನಲ್ಲಿಲ್ಲದಿದ್ದರೆ ಹೊರಗಿನವರಿಂದ ಬರೆಯಿಸಿ ಎಲ್ಲರಿಗೂ ಓದಿ ಹೇಳಿಸುವುದು. ಪ್ರತಿನಿಧಿಗಳನ್ನು ಕಾಲಕಾಲಕ್ಕೆ ಬದಲಾಯಿಸುವುದು. ಇವು ನೋಡುವುದಕ್ಕೆ ಕ್ಷುಲ್ಲಕ ಸಂಗತಿಗಳಾದರೂ, ಅಂಜುಬುರುಕಳಾದ ಹೆಣ್ಣುಮಗಳನ್ನು ಮಾತನಾಡುವವಳನ್ನಾಗಿ ಮಾಡಿದ್ದು ಭಾಷಣಗಳಲ್ಲ, ಈ ಕ್ಷುಲ್ಲಕ ಸಂಗತಿಗಳೇ. ಅಷ್ಟಕ್ಕೂ ಸಾಲದ ಅಂಕೆಗಾಗಿ ಅವಸರದಿಂದ ಕಟ್ಟಿ, ಸಭೆಯ ರೂಢಿಯನ್ನು ಕಲಿಸದೆ ಬಿಟ್ಟ ಗುಂಪುಗಳು ಮೊದಲಿನ ದೊಡ್ಡ ಸಂಘಗಳ ಹಾದಿಯನ್ನೇ ಹಿಡಿದುವು.

ಗುಂಪಿನೊಳಗಿನ ಮಾತು ಗುಂಪಿನಲ್ಲಿಯೇ ಉಳಿದರೆ ಸಾಲದು, ಅದು ಊರಿಗೆ ಕೇಳಿಸಬೇಕೆಂಬ ವಿಚಾರವು ಮುಂದೆ ಬಂದಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಮೈರಾಡವೂ, ಬೆಂಗಳೂರಿನ ವಾಯ್ಸಸ್ ಎಂಬ ಸಂಸ್ಥೆಯೂ ಕೂಡಿ, ಯುನೆಸ್ಕೋದ ನೆರವಿನಿಂದ ‘ನಮ್ಮ ಧ್ವನಿ’ಯೆಂಬ ಕೇಂದ್ರವನ್ನು ಕಟ್ಟಿದುವು. ಹಳ್ಳಿಯ ತರುಣರೂ ಸಂಘದ ಹೆಂಗಸರೂ ಧ್ವನಿಮುದ್ರಣವನ್ನು ಕಲಿತು, ತಮ್ಮ ಬೆಳೆಯ, ನೀರಿನ, ಮಕ್ಕಳ ಆರೋಗ್ಯದ ಮಾತುಗಳನ್ನು ತಾವೇ ಸಿದ್ಧಪಡಿಸಿದರು. ಆದರೆ ಅದನ್ನು ಆಕಾಶಮಾರ್ಗವಾಗಿ ಬಿತ್ತರಿಸುವುದಕ್ಕೆ ಅಪ್ಪಣೆಯಿರಲಿಲ್ಲ. ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ತೀರ್ಪು ಕೊಟ್ಟಿದ್ದಿತು. ಸಮುದಾಯಗಳಿಗೆ ಸ್ವಂತ ರೇಡಿಯೋ ಬೇಕೆಂದು 1996ರಲ್ಲಿ ಬೆಂಗಳೂರಿನಲ್ಲಿ ಕೂಡಿದವರು ಘೋಷಣೆಯನ್ನೂ ಹೊರಡಿಸಿದ್ದರು. ಆದರೂ ಸೇವಾಸಂಸ್ಥೆಗಳಿಗೆ ಲೈಸೆನ್ಸು ಕೊಡುವ ನೀತಿಯನ್ನು ಸರಕಾರವು ಪ್ರಕಟಿಸಿದ್ದು 2006ರಲ್ಲಿ. ಅಷ್ಟು ದಿನ ಕೈಕಟ್ಟಿ ಕುಳಿತುಕೊಳ್ಳದೆ ಬೂದಿಕೋಟೆಯವರು 2003ರಲ್ಲಿ ದೂರದರ್ಶನದ ಕೇಬಲ್ ತಂತಿಯ ಮೂಲಕ ಮನೆಮನೆಗೆ ಧ್ವನಿಯನ್ನು ಹರಿಸಿದರು. ಚಿತ್ರ ತೋರಿಸಬೇಕಾದ ಪೆಟ್ಟಿಗೆಯಿಂದ ನೆರೆಮನೆಯವಳ ದನಿಯು ಕೇಳಿಬಂದಿತು.

ಬೀದರಕ್ಕೆ ಹತ್ತಿರದ ಜಹೀರಾಬಾದ ಪ್ರದೇಶದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸಾಯಿಟಿಯ ಸಂಘಗಳ ದಲಿತ ಮಹಿಳೆಯರು ಪಟ್ಟ ತಪಸ್ಸು ಇದಕ್ಕಿಂತ ದೀರ್ಘವಾದುದು. ಪಟ್ಟಣದ ಭಾಷೆಯ ರೇಡಿಯೋ ತಮಗೆ ಬೇಡ, ತಮ್ಮ ಹೊಲ-ಮನೆಗಳ ನುಡಿಯಲ್ಲಿ ತಮ್ಮ ಮಾತು ಬೇಕೆಂಬುದು ಅವರ ಹಟ. ಕಟ್ಟಡವೂ ಯಂತ್ರಗಳೂ ಸಿದ್ಧವಾದ ಬಳಿಕ ಸುಮಾರು ಹತ್ತು ವರ್ಷ ಅವರು ಕಾದರು. ಕಾಯುವಾಗ ಸುಮ್ಮನಿರದೆ, ಧ್ವನಿಸುರುಳಿಗಳನ್ನು ತಯಾರಿಸಿ ಸಂಘದ ಸಭೆಗಳಲ್ಲಿ ಕೇಳಿಸುತ್ತ, ಕೇಳಿದವರ ಅಭಿಪ್ರಾಯಗಳನ್ನು ಕೂಡಿಸುತ್ತ ಬಂದರು. ಮಾಚನೂರಿನ ಸಂಘಂ ರೇಡಿಯೋ 2008ರ ಅಕ್ಟೋಬರ್ 15ರಂದು ಬಾನಿಗೇರಿದಾಗ ಕೇಳುಗರನ್ನು ಹುಡುಕುವ ಕಷ್ಟವು ಅದಕ್ಕಿರಲಿಲ್ಲ. ಯಂತ್ರವನ್ನು ಮೊದಲು ತಂದು ಜನರನ್ನು ಆಮೇಲೆ ಕರೆಯುವ ಸಂಸ್ಥೆಗಳು ಈ ಕ್ರಮವನ್ನು ಅಭ್ಯಾಸ ಮಾಡುವುದು ಲೇಸು.

ಇದುವರೆಗೆ ಹೇಳಿದ್ದು ಸೌಮ್ಯವಾದ ಸಂವಾದ. ಮಾತಿಗೆ ಎಡೆ ಕೊಟ್ಟರೆ ಕಹಿಯಾದ ಮಾತೂ ಬರುವುದು, ಬರಲೇಬೇಕು. ಅದರ ನಿದರ್ಶನಕ್ಕಾಗಿ ರಾಜಸ್ಥಾನದವರೆಗೆ ಹೋಗಬೇಕಾಗುತ್ತದೆ. ಅಲ್ಲಿಯ ರಾಜಸಮಂದ ಜಿಲ್ಲೆಯ ದೇವಡೂಂಗರಿಯೆಂಬ ಹಳ್ಳಿಯಲ್ಲಿ 1987ರಿಂದ ಮಣ್ಣಿನ ಮನೆಯಲ್ಲಿ ವಾಸವಾಗಿದ್ದ ಅರುಣಾ ರಾಯ್, ನಿಖಿಲ್ ಡೇ, ಶಂಕರ ಸಿಂಗ್ ಮೊದಲಾದವರು ಹಳ್ಳಿಗರೊಡನೆ ಕೂಡಿ 1990ರ ಮೇ 1ರಂದು ಮಜದೂರ ಕಿಸಾನ ಶಕ್ತಿ ಸಂಘಟನೆಯನ್ನು ಸ್ಥಾಪಿಸಿದರು. ಬರಗಾಲದ ಕಾಮಗಾರಿಗಳಲ್ಲಿ ದುಡಿದವರಿಗೆ ಪೂರ್ಣ ಕೂಲಿ ಸಿಕ್ಕದಿರುವುದು ಅವರ ಮುಂದಿನ ಪ್ರಶ್ನೆ. ಸಂಘಟನೆಯವರು 1994ರ ಡಿಸೆಂಬರ್ 2ರಂದು ಕೋಟಕಿರಾಣಾ ಎಂಬಲ್ಲಿ ಜನಸುನವಾಯಿ, ಅಂದರೆ ಜನರ ಅಹವಾಲು ಸಭೆಯನ್ನು ಕರೆದರು. ಅಲ್ಲಿ ಭಾಷಣಕ್ಕಿಂತ ಓದಿಗೇ ಪ್ರಾಧಾನ್ಯವಿದ್ದಿತು. ಪಂಚಾಯತಿಯ ಕಾಮಗಾರಿಯ ಹಾಜರಿ ಪಟ್ಟಿಯನ್ನೂ ಬಿಲ್ಲುಗಳನ್ನೂ ತಂದು ಬಯಲಿನಲ್ಲಿ ಗಟ್ಟಿಯಾಗಿ ಓದಿದರು. ಇಂಥವನು ಇಷ್ಟು ದಿನ ದುಡಿದು ಇಷ್ಟು ಹಣ ಪಡೆದನೆಂದು ಓದಿದಾಗ, ಆ ಮನುಷ್ಯನೇ ಎದ್ದು ನಿಂತು ತಾನು ಆ ಕಡೆಗೆ ಹೋಗಿಯೇ ಇಲ್ಲವೆನ್ನುವನು. ಮುಂದೆ ನಡೆದ ಇಂಥ ಸಭೆಗಳಲ್ಲಿ ಸತ್ತವರ ಹೆಸರಿನಲ್ಲಿ ಕೂಲಿ ಬರೆದುದೂ, ಕಟ್ಟದ ಕಟ್ಟಡಕ್ಕೆ ಹಣ ಕೊಟ್ಟುದೂ ಬಯಲಿಗೆ ಬಂದಿತು.

ಅಕ್ಷರ ಬಾರದ ಜನರು ಲೆಕ್ಕವನ್ನು ತಿಳಿಯಲಾರರೆಂಬ ನಂಬಿಕೆಯು ಆ ಬಯಲಿನಲ್ಲಿ ಮುರಿಯಿತು. ಲೆಕ್ಕವು ಅವರಿಗೆ ತಿಳಿಯದೆ ಇದ್ದುದು ಓದು ಬಾರದುದರಿಂದಲ್ಲ, ಅದನ್ನು ಅವರಿಗೆ ಓದಿ ಹೇಳದೆ ಇದ್ದುದರಿಂದ. ಹಣವು ಜನರದಾದ ಮೇಲೆ ಲೆಕ್ಕವೂ ಜನರಿಗೆ ಸಲ್ಲಬೇಕೆಂಬ ಬೇಡಿಕೆಯಿಂದ 1996ರ ಏಪ್ರಿಲ್ 6ರಂದು ಬ್ಯಾವರ ಪಟ್ಟಣದಲ್ಲಿ ಆರಂಭವಾದ ಧರಣಿಯು ನಾಲ್ವತ್ತು ದಿನ ನಡೆಯಿತು. ಅದನ್ನು ನಡೆಸಿದ್ದು ದೊಡ್ಡ ದಾನಿಗಳ ಹಣವಲ್ಲ. ಹಳ್ಳಿಗರು ಧಾನ್ಯ ತಂದರು, ಪೇಟೆಯವರು ಕಾಯಿಪಲ್ಯೆ ಕೊಟ್ಟರು. ಮುಷ್ಟಿಧಾನ್ಯವನ್ನು ಬಲ್ಲ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾಜಸ್ಥಾನದಲ್ಲಿ 2000ದಲ್ಲಿ ಮಾಹಿತಿ ಹಕ್ಕಿನ ಕಾಯಿದೆ ಬಂದಿತು. ಕರ್ನಾಟಕವೂ ಅದೇ ವರ್ಷ ತನ್ನ ಕಾಯಿದೆಯನ್ನು ಮಾಡಿತು. 2005ರ ಅಕ್ಟೋಬರ್ 12ರಿಂದ ಇಡೀ ದೇಶದ ಕಾಯಿದೆಯು ಜಾರಿಗೆ ಬಂದಿತು. ಗ್ರಾಮಸಭೆಯೇ ಲೆಕ್ಕ ತಪಾಸಿಸುವ ಸಾಮಾಜಿಕ ಪರಿಶೋಧನೆಯು ಅದೇ 2005ರ ಉದ್ಯೋಗ ಖಾತರಿಯ ಶಾಸನದೊಳಗೆ ಸೇರಿತು. ಒಂದು ಬಯಲಿನ ಓದು ಅಷ್ಟು ದೂರ ಹೋಯಿತು.

ಈ ಕಾಯಿದೆಗಳು ಮುಖ್ಯವಾಗಿ ಸರಕಾರವನ್ನು ಕುರಿತುವು. ಆದರೆ ಸರಕಾರದ ಲೆಕ್ಕ ಕೇಳುವ ಸಂಘವು ತನ್ನ ಲೆಕ್ಕವನ್ನು ಪೆಟ್ಟಿಗೆಯಲ್ಲಿಟ್ಟರೆ ಅದರ ಮಾತು ಯಾರ ಎದೆಗೂ ತಾಗದು. ಧರ್ಮಾರ್ಥ ಸಂಸ್ಥೆಗಳವರು ಇದನ್ನು ಯೋಚಿಸತಕ್ಕದ್ದು. ಲೆಕ್ಕಪರಿಶೋಧಕರ ಸಹಿ ಬಿದ್ದ ಪಟ್ಟಿಯು ಕಾಯಿದೆಗೆ ಸಾಕು. ಹಿಡಿ ರಾಗಿ ಕೊಟ್ಟವಳಿಗೆ ಅದರಿಂದ ಏನೂ ತಿಳಿಯದು. ಈ ವರ್ಷ ಎಷ್ಟು ಮಕ್ಕಳು ಉಂಡರು, ಎಷ್ಟು ಚೀಲ ಅಕ್ಕಿ ಬಂದಿತು, ಎಷ್ಟನ್ನು ಕೊಂಡೆವು, ಹಾಳಾದುದೆಷ್ಟು, ಏಕೆ ಹಾಳಾಯಿತು ಎಂದು ಊರ ಮಾತಿನಲ್ಲಿ ಓದಿದರೆ ಅವಳಿಗೂ ಕೇಳುವುದಕ್ಕೆ ಏನಾದರೂ ಹೊಳೆದೀತು. ಹಾಳಾದುದನ್ನು ಹೇಳಿದರೆ ಮರ್ಯಾದೆ ಹೋಗುವುದೆಂದು ಅಂಜುವವರುಂಟು. ಅದು ಹೇಗೂ ಊರಿಗೆ ತಿಳಿದಿರುವುದು; ಸಭೆಯಲ್ಲಿ ಹೇಳದಿದ್ದುದನ್ನು ಬಾವಿಯ ಕಟ್ಟೆಯ ಮೇಲೆ ಎರಡರಷ್ಟು ಮಾಡಿ ಹೇಳುವರು.

ಈಗಿನ ಕಾಲದಲ್ಲಿ ಜಂಗಮವಾಣಿಯು ಎಲ್ಲರ ಕೈಗೆ ಬಂದಿರುವುದರಿಂದ ಸಂವಾದವು ತಾನಾಗಿಯೇ ಬೆಳೆಯುವುದೆಂದು ಅನೇಕರು ಎಣಿಸಿದ್ದಾರೆ. ಪ್ರತಿಯೊಂದು ಸಂಘವೂ ವಾಟ್ಸಾಪಿನಲ್ಲಿ ಬಳಗವನ್ನು ಕಟ್ಟಿಕೊಂಡಿದೆ. ಅದರಲ್ಲಿ ಬೆಳಿಗ್ಗೆ ಶುಭಾಶಯ, ಮಧ್ಯಾಹ್ನ ಪದಾಧಿಕಾರಿಗಳ ಭಾವಚಿತ್ರ, ಸಂಜೆ ಹುಟ್ಟುಹಬ್ಬದ ಹಾರೈಕೆ. ಯಾರಾದರೂ ಒಂದು ಪ್ರಶ್ನೆಯನ್ನು ಹಾಕಿದರೆ ಅದು ಹಾರೈಕೆಗಳ ರಾಶಿಯಲ್ಲಿ ಹೂತುಹೋಗುವುದು. ಇಲ್ಲವೆ ಇಬ್ಬರು ಮೂವರು ಬಿರುಮಾತಿನವರು ಸೇರಿ ಉಳಿದವರ ಬಾಯಿ ಮುಚ್ಚಿಸುವರು. ವಾರ್ಷಿಕ ಸಭೆಯ ಹಳೆಯ ರೋಗವೇ ಹೊಸ ಪಾತ್ರೆಯಲ್ಲಿ ಕಾಣಿಸಿಕೊಂಡಂತಾಗಿದೆ.

ಆ ಯಂತ್ರವನ್ನು ಸರಿಯಾಗಿ ಬಳಸಿದ ದೃಷ್ಟಾಂತವೂ ಇಲ್ಲವೆಂದಲ್ಲ. ಮಧ್ಯ ಭಾರತದ ಅಡವಿಗಳಲ್ಲಿ ಗೊಂಡಿಯನ್ನಾಡುವ ಜನರಿದ್ದಾರೆ. ಗೊಂಡಿಯು ಕನ್ನಡದ ದಾಯಾದಿ ನುಡಿಯೇ. ಅವರ ನುಡಿಯಲ್ಲಿ ಪತ್ರಿಕೆಗಳಿರಲಿಲ್ಲ, ಅನೇಕರಿಗೆ ಓದು ಬಾರದು. ಪತ್ರಕರ್ತರಾದ ಶುಭ್ರಾಂಶು ಚೌಧರಿಯವರು 2010ರಲ್ಲಿ ಸಿಜಿನೆಟ್ ಸ್ವರವೆಂಬ ಏರ್ಪಾಡನ್ನು ಆರಂಭಿಸಿದರು. ಸಾಮಾನ್ಯವಾದ ಫೋನಿನಿಂದ ಒಂದು ಸಂಖ್ಯೆಗೆ ಕರೆ ಮಾಡಿ ತನ್ನ ಊರಿನ ಸಂಗತಿಯನ್ನು ತನ್ನ ನುಡಿಯಲ್ಲಿ ಹೇಳಬಹುದು. ಇತರರು ಅದೇ ಸಂಖ್ಯೆಗೆ ಕರೆ ಮಾಡಿ ಅದನ್ನು ಕೇಳಬಹುದು. ಆರಂಭದ ವರ್ಷಗಳಲ್ಲಿ ಆ ಕರೆಗಳನ್ನು ಸ್ವೀಕರಿಸುವ ಯಂತ್ರವು ಬೆಂಗಳೂರಿನಲ್ಲಿದ್ದಿತು. ಇದರಲ್ಲಿ ಎರಡು ಸಂಗತಿಗಳು ವಿಶೇಷವಾಗಿ ಲಕ್ಷ್ಯಕ್ಕೆ ಅರ್ಹವಾಗಿವೆ. ಬಂದ ಮಾತನ್ನು ಬಂದಂತೆಯೇ ಬಿಡದೆ, ತಿಳಿದವರು ಕೇಳಿ, ವಿಚಾರಿಸಿ, ಆಮೇಲೆ ಎಲ್ಲರಿಗೂ ಕೇಳಿಸುವರು. ಮತ್ತು ದೂರು ಹೇಳುವವನು ಕಡೆಗೆ ಆ ಕೆಲಸಕ್ಕೆ ಹೊಣೆಯಾದ ಅಧಿಕಾರಿಯ ಸಂಖ್ಯೆಯನ್ನೂ ಹೇಳುವನು. ಕೇಳಿದವರು ಎಲ್ಲೆಲ್ಲಿಂದಲೋ ಆ ಅಧಿಕಾರಿಗೆ ಕರೆ ಮಾಡಿ, ಆ ಹಳ್ಳಿಯ ಕೊಳವೆ ಬಾವಿ ಏನಾಯಿತೆಂದು ಕೇಳುವರು. ಕೇಳುಗನಿಗೆ ಮಾಡುವುದಕ್ಕೊಂದು ಕೆಲಸ ದೊರೆಯಿತು. ಕೆಲಸವಾದರೆ, ಆಯಿತೆಂಬುದನ್ನೂ ಅಲ್ಲಿಯೇ ಹೇಳುವರು.

ಶ್ರೀಮಠದ ಶಾಲೆಗಳಿಗೂ ಪ್ರಸಾದ ನಿಲಯಗಳಿಗೂ ಇದರಿಂದ ತೆಗೆದುಕೊಳ್ಳುವುದು ಕಷ್ಟವೇನೂ ಅಲ್ಲ. ಹಗಲು ಹನ್ನೊಂದು ಗಂಟೆಗೆ ಸಭೆ ಕರೆದರೆ ಹೊಲಕ್ಕೆ ಹೋದವರು ಬರಲಾರರು. ರೈತರ ಊರಿನಲ್ಲಿ ಸಭೆಯು ಹೊತ್ತು ಮುಳುಗಿದ ಮೇಲೆಯೇ ಕೂಡಬೇಕು. ನೂರಾರು ಜನರ ಸಭೆಯಲ್ಲಿ ಬಾಯಿ ಬಿಡದವರು ಇಪ್ಪತ್ತು ಜನರ ಕೂಟದಲ್ಲಿ ಬಿಡುವರು. ಆದುದರಿಂದ ಮಹಾಸಭೆಗೆ ಮೊದಲು ಓಣಿಓಣಿಯ ಕೂಟಗಳು ಆಗತಕ್ಕವು. ಹೆಂಗಸರ ಮಾತನ್ನು ಗಂಡಸರು ಎದ್ದು ನಿಂತು ಹೇಳುವ ರೂಢಿಯನ್ನು ಬಿಡಬೇಕು. ಎಲ್ಲಕ್ಕೂ ಹೆಚ್ಚಾಗಿ, ಸಭೆಯ ಮೊದಲನೆಯ ವಿಷಯವು ಹೋದ ಸಲದ ಪ್ರಶ್ನೆಗಳಾಗಿರಬೇಕು. ಯಾರು ಏನು ಕೇಳಿದ್ದರು, ಅದಕ್ಕೆ ಏನು ಮಾಡಲಾಯಿತು, ಮಾಡದಿದ್ದರೆ ಕಾರಣವೇನು ಎಂಬುದನ್ನು ಹೆಸರು ಹಿಡಿದು ಓದಬೇಕು. ಮಾಡಲಾಗದೆಂಬ ಉತ್ತರವೂ ಉತ್ತರವೇ. ಅದನ್ನು ಕೇಳಿ ಜನರು ಮುನಿಸಿಕೊಂಡಾರು, ಮರುವರ್ಷ ಬಂದು ಮತ್ತೆ ಕೇಳಿಯಾರು. ಉತ್ತರವೇ ಬಾರದ ಕಡೆಗೆ ಮಾತ್ರ ಅವರು ಬರುವುದಿಲ್ಲ.

ಪ್ರಸಾದ ನಿಲಯದ ವ್ಯವಸ್ಥೆಯ ಸಭೆಗಳಿಗೆ ದಾನಿಗಳನ್ನು ಕರೆಯುವರು, ಶಿಕ್ಷಕರನ್ನು ಕರೆಯುವರು. ಇತ್ತೀಚೆಗೆ ಕೆಲವು ಕಡೆಗೆ ಹಿರಿಯ ವಿದ್ಯಾರ್ಥಿಗಳನ್ನೂ ಕರೆಯುವರು. ಅಲ್ಲಿ ಮುಂಜಾನೆ ನಾಲ್ಕು ಗಂಟೆಗೆ ಒಲೆ ಹೊತ್ತಿಸುವವರನ್ನೂ, ಮುಸುರೆ ತಿಕ್ಕುವವರನ್ನೂ ಕರೆದುದು ಅಪರೂಪ. ಅಕ್ಕಿಯಲ್ಲಿ ನುಸಿ ಯಾವಾಗ ಬಿದ್ದಿತು, ಯಾವ ಹುಡುಗನು ಮೂರು ದಿನದಿಂದ ಊಟಕ್ಕೆ ಬಂದಿಲ್ಲ ಎಂಬುದು ಮೊದಲು ತಿಳಿಯುವುದು ಅವರಿಗೆ. ಅವರನ್ನು ಸಭೆಗೆ ಕರೆದು ಕೂಡಿಸುವ ದಿನ ಅಡಿಗೆಯ ಹೊಣೆಯನ್ನು ಮಂಡಳಿಯವರಲ್ಲಿ ಯಾರಾದರೂ ಹೊರಬೇಕಾಗುವುದು. ಅದಕ್ಕೆ ಸಿದ್ಧರಾದವರ ಹೆಸರನ್ನು ಮುಂಚಿತವಾಗಿ ನಡವಳಿಯ ಪುಸ್ತಕದಲ್ಲಿ ಬರೆದುಕೊಂಡರೆ ಅನುಕೂಲ.